ಕಣಜದ ವರ್ಣತಂತು ಎಣಿಕೆ: ನನ್ನ ಅನುಭವ

ಪತಂಗದ ಹುಳುಗಳ ಮೇಲೆ ಮೊಟ್ಟೆಯಿಡುವ ಬ್ರೇಕಾನ್ ಹೆಬೆಟರ್ ಕಣಜದ ವರ್ಣತಂತು (ಕ್ರೋಮೋಸೋಮ್) ನೋಡಲು ಹಾರಾಡುವ ಕಣಜ ಹಿಡಿದರೆ ಉಪಯೋಗವಿಲ್ಲ. ಕೋಶ ವಿಭಜನೆ ಜೋರಾಗಿರುವುದು ಪ್ರಿಪ್ಯೂಪಾದ, ಅಂದರೆ ಪ್ಯೂಪಾ ಆಗುವ ಮುಂಚಿನ ಮರಿಯ, ಮಿದುಳಿನಲ್ಲಿ. ಮರಿ ಗೂಡು ಸುತ್ತಿ, ಕೂಡಿಟ್ಟ ಕಪ್ಪು ಮಲವನ್ನೆಲ್ಲ ಹೊರಹಾಕಿ ಬೆಳ್ಳಗಾಗುತ್ತದಲ್ಲ, ಆಗ ಹಿಡಿಯಬೇಕು. ಕಣ್ಣಿಗೆ ಬಣ್ಣ ಬಂತೆಂದರೆ ತಡವಾಯಿತು. ಸಾಕುವುದು ಸುಲಭ: ಮುರುಕು ಜೋಳದಲ್ಲಿ ಅಕ್ಕಿ ಪತಂಗದ ಹುಳು ಬೆಳೆಸಿ ಕಣಜ ಬಿಟ್ಟರಾಯಿತು.

ಶೇ. 1ರ ಸೋಡಿಯಂ ಸಿಟ್ರೇಟ್ ದ್ರಾವಣಕ್ಕೆ ಶೇ. 0.005ರಷ್ಟು ಕೊಲ್ಚಿಸಿನ್ ಬೆರೆಸಿ (ಕೋಶ ವಿಭಜನೆಯನ್ನು ನಡುವೆಯೇ ನಿಲ್ಲಿಸುವ ವಿಷ, ಕೈಗವಸು ಬೇಕು), ಅದರಲ್ಲೇ ತಲೆ ಬಿಡಿಸಿ ಮಿದುಳಿನ ಗಂಟು ತೆಗೆದು ಅರ್ಧ ಗಂಟೆ ಬಿಡುತ್ತೇನೆ. ಬಹಳ ಹೊತ್ತು ಬಿಟ್ಟರೆ ವರ್ಣತಂತುಗಳು ಕುಗ್ಗಿ ಸಾಸಿವೆ ಕಾಳಿನಂತಾಗುತ್ತವೆ, ತೋಳುಗಳೇ ಕಾಣುವುದಿಲ್ಲ. ಗಂಟನ್ನು ಸ್ಲೈಡಿಗೆ ತಂದು ಅಸಿಟಿಕ್ ಆಮ್ಲ, ಆಲ್ಕೋಹಾಲ್, ನೀರು 3:3:4 ಮಿಶ್ರಣದ ಹನಿ ಹಾಕಿ, ಎರಡು ಸೂಜಿಯಿಂದ ಚೂರುಚೂರು ಮಾಡಿ, ಮೇಲೆ ಆಮ್ಲ-ಆಲ್ಕೋಹಾಲ್ 1:1ರ ಎರಡು ಹನಿ. ಒಣಗಿದ ಮೇಲೆ ಪಿಎಚ್ 6.8ರ ಬಫರಿನಲ್ಲಿ ಶೇ. 4ರ ಜೀಮ್ಸಾ ಬಣ್ಣ.

ವಿಜಯಪುರದ ಏಪ್ರಿಲ್ ಬಿಸಿಲು ಕೆಡಿಸುವುದು ಈ ಒಣಗಿಸುವ ಹಂತವನ್ನೇ. ಹನಿ ಹರಡುವ ಮೊದಲೇ ಆರಿ ವರ್ಣತಂತುಗಳು ಒಂದರ ಮೇಲೊಂದು ಬೀಳುತ್ತವೆ. ಫ್ಯಾನ್ ಆರಿಸಿ, ಒದ್ದೆ ಬಟ್ಟೆ ಹಾಸಿದ ಡಬ್ಬಿಯಲ್ಲಿ ಸ್ಲೈಡ್ ಇಟ್ಟು ಮುಚ್ಚಳ ಅರೆತೆರೆದರೆ ಸರಿಹೋಗುತ್ತದೆ. ಮಳೆಗಾಲದಲ್ಲಿ ಈ ರಗಳೆ ಇಲ್ಲ.

ಮೊದಲು ಗಂಡಿನೊಡನೆ ಕೂಡದ ಹೆಣ್ಣಿನ ಮರಿಗಳನ್ನೇ ನೋಡಿ. ಅವೆಲ್ಲ ಗಂಡು, ಎಣಿಕೆ 10. ಜೋಡಿಯಿಲ್ಲದ್ದರಿಂದ ಗೋಜಲೂ ಕಡಿಮೆ. ಕೂಡಿದ ಹೆಣ್ಣಿನ ಮರಿಗಳಲ್ಲಿ 20 ಕಂಡರೆ ತಟ್ಟನೆ 'ಹೆಣ್ಣು' ಎಂದು ಬರೆಯಬೇಡಿ. ಅಣ್ಣ-ತಂಗಿ ಕೂಡಿದ ಸಂತತಿಯಲ್ಲಿ ಲಿಂಗ ನಿರ್ಧರಿಸುವ ಜೀನಿನ ಎರಡೂ ಆಲೀಲ್ (ರೂಪ) ಒಂದೇ ಆಗಿ, 20 ಇದ್ದೂ ಗಂಡಾಗುವುದುಂಟು. 1943ರಲ್ಲಿ ತಳಿವಿಜ್ಞಾನಿ ವೈಟಿಂಗ್ ಇದೇ ಕಣಜದಲ್ಲಿ ಈ ಆಲೀಲ್‌ಗಳ ವ್ಯವಸ್ಥೆಯನ್ನು ವಿವರಿಸಿದರು.

ಇನ್ನು ವರ್ಗೀಕರಣ. ಸಂಖ್ಯೆಯೊಂದರಿಂದಲೇ ಪ್ರಭೇದ ಹೇಳುತ್ತೇನೆನ್ನುವವರನ್ನು ನಾನು ನಂಬುವುದಿಲ್ಲ. ಕಬ್ಬಿನ ಗದ್ದೆಗೆ ಬಿಡುವ ಟ್ರೈಕೋಗ್ರಾಮಾ ಎಂಬ ಪುಟ್ಟ ಕಣಜಗಳಲ್ಲಿ ಬೇರೆ ಬೇರೆ ಪ್ರಭೇದಕ್ಕೂ ಗಂಡಿನ ಎಣಿಕೆ 5 ಬರುತ್ತದೆ. ಅಲ್ಲಿ ಗಂಡಿನ ಜನನಾಂಗ ನೋಡಲೇಬೇಕು. ಕೀಟಶಾಸ್ತ್ರಜ್ಞರಾದ ನಾಗರಕಟ್ಟಿ ಮತ್ತು ನಾಗರಾಜ 1971ರಲ್ಲೇ ಅದನ್ನು ತೋರಿಸಿಕೊಟ್ಟರು. ಹಾಗಾಗಿ ಒಂದೇ ಹುಳುವಿನ ಮೇಲೆ ಬೆಳೆದ ಮರಿಗಳಲ್ಲಿ ಅರ್ಧ ಸ್ಲೈಡಿಗೆ, ಅರ್ಧ ಬೆಳೆಯಲು ಬಿಡಿ. ಹೊರಬಂದ ಕಣಜ ಶೇ. 95ರ ಆಲ್ಕೋಹಾಲಿಗೆ. ಸ್ಲೈಡಿಗೂ ಬಾಟಲಿಗೂ ಒಂದೇ ಸಂಖ್ಯೆ. ಚೀಟಿ ಪೆನ್ಸಿಲಿನಲ್ಲೇ ಬರೆದು ಒಳಗೆ ಹಾಕಿ, ಬಾಲ್‌ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ.