ಪೊಲೀಸರ ಕೆಲಸಕ್ಕೆ ಅಡ್ಡಿ: ಟೆಕ್ಸಾಸ್ ಕೌಂಟಿ ಕೋರ್ಟಿನಲ್ಲಿ ಈ ಕೇಸು ಮುಗಿಯುವ ಬಗೆ

ಊರಿನ ಪತ್ರಿಕೆಗಳಲ್ಲಿ ‘ಕರ್ತವ್ಯಕ್ಕೆ ಅಡ್ಡಿ’ ಎಂದರೆ ಸಾಮಾನ್ಯವಾಗಿ ಹಳೆಯ ಐಪಿಸಿಯ 353ನೇ ಕಲಂ, ಈಗಿನ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 132. ಅದಕ್ಕೆ ಹಲ್ಲೆಯೋ ಬಲಪ್ರಯೋಗವೋ ಇರಬೇಕು. ಟೆಕ್ಸಾಸ್ ಪೀನಲ್ ಕೋಡಿನ 38.15ಕ್ಕೆ ಅಷ್ಟೆಲ್ಲ ಬೇಡ. ಪೊಲೀಸರು ತಮ್ಮ ಅಧಿಕಾರದ ಕೆಲಸದಲ್ಲಿರುವಾಗ ‘ಕ್ರಿಮಿನಲ್ ನೆಗ್ಲಿಜೆನ್ಸ್’ನಿಂದ, ಅಂದರೆ ಗಮನಿಸಲೇಬೇಕಾದದ್ದನ್ನು ಗಮನಿಸದ ಘೋರ ಅಲಕ್ಷ್ಯದಿಂದ, ಅಡ್ಡ ಬಂದರೂ ಸಾಕು. ಬೇಕೆಂದೇ ಮಾಡಿದರೆಂದು ಸಾಬೀತು ಮಾಡುವ ಹೊರೆ ಸರ್ಕಾರಕ್ಕಿಲ್ಲ. ಇದು ಕ್ಲಾಸ್ ಬಿ ಮಿಸ್‌ಡಿಮೀನರ್, ಅಂದರೆ ಸಣ್ಣ ಅಪರಾಧಗಳ ಒಂದು ದರ್ಜೆ: ಹೆಚ್ಚೆಂದರೆ 180 ದಿನ ಕೌಂಟಿ ಜೈಲು, 2,000 ಡಾಲರ್ ದಂಡ. ನಡೆಯುವುದು ಕೌಂಟಿ ಕೋರ್ಟಿನಲ್ಲಿ. ಆರೋಪಿಗಳ ಪರ ಇಂಥ ಕಡತ ಸಿದ್ಧಪಡಿಸುವುದೇ ನನ್ನ ಕೆಲಸ. ಕಡತ ಕೈಗೆ ಬಂದ ದಿನದಿಂದ ಮುಚ್ಚುವವರೆಗೆ ಏನೇನು ನೋಡುತ್ತೇನೆಂದು ಬರೆಯುತ್ತೇನೆ.

ನಮ್ಮವರ ಕಡತಗಳಲ್ಲಿ ಪದೇಪದೇ ಕಾಣುವುದು ಎರಡು ದೃಶ್ಯ. ಬೆಂಗಳೂರಿನಲ್ಲಿ ಟ್ರಾಫಿಕ್ ಪೊಲೀಸರು ಕೈ ತೋರಿಸಿದರೆ ಗಾಡಿ ಬದಿಗೆ ಹಾಕಿ, ಇಳಿದು, ಕಾಗದಪತ್ರ ಹಿಡಿದು ಅವರ ಹತ್ತಿರ ಹೋಗುವುದೇ ಮರ್ಯಾದೆ. ಇಲ್ಲಿ ಗಂಡನನ್ನು ಕಾರಿನ ಹಿಂದೆ ನಿಲ್ಲಿಸಿಕೊಂಡು ವಿಚಾರಿಸುತ್ತಿರುವಾಗ ಹೆಂಡತಿ ‘ಸರ್, ಒಂದ್ನಿಮಿಷ’ ಎಂದು ಇಳಿದು, ‘ಒಳಗೆ ಕೂತುಕೊಳ್ಳಿ’ ಎಂದ ಮೇಲೂ ಎರಡು ಹೆಜ್ಜೆ ಮುಂದೆ ಬಂದರೆ ಕೇಸು ಅಲ್ಲೇ ಹುಟ್ಟುತ್ತದೆ. ಇನ್ನೊಂದು ಅಪಾರ್ಟ್‌ಮೆಂಟಿನ ಹೊಸ್ತಿಲು. ಪಕ್ಕದ ಮನೆಯವರು ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿರುತ್ತಾರೆ, ‘ಏನೂ ಆಗಿಲ್ಲ, ಹೋಗಿ’ ಎನ್ನುತ್ತ ಮನೆಯವರು ಬಾಗಿಲಿಗೆ ಅಡ್ಡ ನಿಂತಿರುತ್ತಾರೆ. ಕೈಕೋಳ ಹಾಕುವಾಗ ಕೈ ಕೊಸರಿಕೊಂಡರೆ 38.03, ಅಂದರೆ ಬಂಧನ ಪ್ರತಿರೋಧವೂ ಸೇರಬಹುದು. ಅದು ಕ್ಲಾಸ್ ಎ, ಒಂದು ವರ್ಷ, 4,000 ಡಾಲರ್. ಬಂಧನವೇ ಅಕ್ರಮವಾಗಿತ್ತು ಎಂಬ ವಾದಕ್ಕೆ 38.03ರಲ್ಲಿ ಜಾಗವಿಲ್ಲ.

ಬಂಧಿಸಿದ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಜಾಮೀನು ನಿಗದಿ ಮಾಡುತ್ತಾರೆ. ನಗದು ಕಟ್ಟಿದರೆ ಕೇಸು ಮುಗಿದ ಮೇಲೆ ವಾಪಸು ಬರುತ್ತದೆ. ಶುಲ್ಕ ಪಡೆದು ಜಾಮೀನು ನಿಲ್ಲುವ ಬಾಂಡ್ ಏಜೆಂಟರಿಗೆ ಕೊಡುವ ಸುಮಾರು ಶೇ 10 ಬರುವುದಿಲ್ಲ. ಕೋರ್ಟಿನ ತಾರೀಕು ಮಾತ್ರ ತಪ್ಪಿಸಬಾರದು: ಕ್ಲಾಸ್ ಬಿ ಕೇಸಿಗೆ ಗೈರಾದರೆ ಆ ಗೈರೇ ಕ್ಲಾಸ್ ಎ ಅಪರಾಧವಾಗುತ್ತದೆ.

ಬಿಡುಗಡೆಯಾದ ವಾರದಲ್ಲೇ ವಿಡಿಯೊ ಉಳಿಸಿಕೊಳ್ಳಲು ಲಿಖಿತ ಪತ್ರ ಹೋಗಬೇಕು. ಬಾಡಿ ಕ್ಯಾಮೆರಾ ದೃಶ್ಯವನ್ನು ಕನಿಷ್ಠ 90 ದಿನ ಇಟ್ಟುಕೊಳ್ಳಬೇಕೆಂದು ಟೆಕ್ಸಾಸ್ ಕಾನೂನು ಹೇಳುತ್ತದೆ. ಪಕ್ಕದ ಮನೆಯ ಡೋರ್‌ಬೆಲ್ ಕ್ಯಾಮೆರಾ, ಗ್ಯಾಸ್ ಸ್ಟೇಷನ್ನಿನ ಕ್ಯಾಮೆರಾಗಳಿಗೆ ಅಂಥ ಕಟ್ಟುಪಾಡಿಲ್ಲ, ಕೆಲವೇ ವಾರಗಳಲ್ಲಿ ಅಳಿದುಹೋಗುತ್ತವೆ. 911 ಕರೆಯ ಧ್ವನಿಯನ್ನೂ ಆ ಪತ್ರದಲ್ಲೇ ಕೇಳಿ. ಪ್ರಾಸಿಕ್ಯೂಟರ್ (ಸರ್ಕಾರಿ ವಕೀಲ) ಬಳಿಯ ಕಾಗದ, ವಿಡಿಯೊ ಎಲ್ಲ ಕ್ರಿಮಿನಲ್ ಪ್ರೊಸೀಜರ್ ಕೋಡಿನ 39.14ರಡಿ ಸಿಗುತ್ತದೆ. 2014ರಿಂದ ಜಾರಿಯಲ್ಲಿರುವ ಮೈಕಲ್ ಮಾರ್ಟನ್ ಕಾಯ್ದೆಯ ಫಲ ಇದು. ಆದರೆ ಆರೋಪಿಗೆ ಅನುಕೂಲವಾದದ್ದನ್ನು ಬಿಟ್ಟು ಉಳಿದದ್ದನ್ನು ಕೇಳದಿದ್ದರೆ ಕೊಡಬೇಕಿಲ್ಲ.

ಈ ಕೇಸಿನ ಹಣೆಬರಹ ನಿರ್ಧಾರವಾಗುವುದು ವಿಡಿಯೊದಲ್ಲೇ. ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಹಾಕುತ್ತೇನೆ: ಗಡಿಯಾರದ ಸೆಕೆಂಡು, ಅಧಿಕಾರಿಯ ಮಾತು, ಆರೋಪಿಯ ಮಾತು, ಆರೋಪಿಯ ಕೈಕಾಲು ಎಲ್ಲಿದ್ದವು ಎಂಬುದು. ಮುಖ್ಯವಾದದ್ದು ಕೊನೆಯ ಕಾಲಂ. 38.15ರಲ್ಲೇ ಒಂದು ಬಾಗಿಲು ಇಟ್ಟಿದ್ದಾರೆ: ಅಡ್ಡಿ ಎಂದರೆ ಬರೀ ಮಾತಾಗಿದ್ದರೆ ಅದೇ ರಕ್ಷಣೆ. ಕೂಗಾಡಿದ್ದು, ‘ನಿಮಗೆ ಹಕ್ಕಿಲ್ಲ’ ಎಂದದ್ದು, ಒಳಗೆ ಬರಲು ಒಪ್ಪುವುದಿಲ್ಲ ಎಂದದ್ದು ಮಾತು. ದಾರಿಗೆ ಅಡ್ಡ ನಿಂತದ್ದು, ಪಕ್ಕಕ್ಕೆ ಸರಿಯಿರಿ ಎಂದರೂ ಸರಿಯದೇ ಹೋದದ್ದು ಮಾತಲ್ಲ. ಪೊಲೀಸರನ್ನು ಬಾಯಿಮಾತಿನಿಂದ ತಡೆದರೂ ಅಪರಾಧವೆನ್ನುತ್ತಿದ್ದ ಹ್ಯೂಸ್ಟನ್ ನಗರದ ನಿಯಮವನ್ನು ಅಮೆರಿಕದ ಸುಪ್ರೀಂ ಕೋರ್ಟು 1987ರಲ್ಲಿ, ಹ್ಯೂಸ್ಟನ್ ವಿರುದ್ಧ ಹಿಲ್ ಪ್ರಕರಣದಲ್ಲಿ, ಹೊಡೆದುಹಾಕಿತು. ದೂರದಿಂದ ಪೊಲೀಸರನ್ನು ವಿಡಿಯೊ ಮಾಡುವುದು ಹಕ್ಕು ಎಂದು ಟೆಕ್ಸಾಸ್ ಒಳಗೊಂಡ ಒಕ್ಕೂಟದ ಮೇಲ್ಮನವಿ ಕೋರ್ಟಾದ ಫಿಫ್ತ್ ಸರ್ಕ್ಯೂಟ್ 2017ರಲ್ಲಿ ಹೇಳಿದೆ, ಅದೂ ಫೋರ್ಟ್ ವರ್ತ್‌ನ ಕೇಸು.

ವಿಡಿಯೊ ನೋಡುವಾಗ ಒಂದು ಎಡವಟ್ಟು ಸಾಮಾನ್ಯ. ಆಕ್ಸಾನ್ ಕಂಪನಿಯ ಬಾಡಿ ಕ್ಯಾಮೆರಾದ ಮಾಮೂಲಿ ಸೆಟ್ಟಿಂಗಿನಲ್ಲಿ ಗುಂಡಿ ಒತ್ತುವುದಕ್ಕೆ ಮುಂಚಿನ 30 ಸೆಕೆಂಡು ಚಿತ್ರ ಮಾತ್ರ ಇರುತ್ತದೆ, ಧ್ವನಿ ಇರುವುದಿಲ್ಲ. ಮೊದಲ ಆದೇಶ ಆ ಮೂಕ ಭಾಗದಲ್ಲೇ ಬಿದ್ದಿದ್ದರೆ ಅಧಿಕಾರಿಯ ತುಟಿ ಮಾತ್ರ ಕಾಣುತ್ತದೆ. ಆಗ ಜೊತೆಗಿದ್ದ ಎರಡನೇ ಅಧಿಕಾರಿಯ ಕ್ಯಾಮೆರಾ ಕೇಳಿ ಪಡೆಯಬೇಕು. ಪೊಲೀಸ್ ವರದಿಯಲ್ಲಿ ‘ಹಲವು ಬಾರಿ ಹೇಳಿದರೂ ಕೇಳಲಿಲ್ಲ’ ಎಂದಿರುತ್ತದೆ. ಕಾಲಂ ತುಂಬಿಸಿ ನೋಡಿದರೆ ಮೊದಲ ಆದೇಶಕ್ಕೂ ಕೈಕೋಳಕ್ಕೂ ಎಷ್ಟು ಸೆಕೆಂಡು ಎಂಬುದು ಕಣ್ಣಿಗೆ ಹೊಡೆಯುತ್ತದೆ. ಇಬ್ಬರು ಅಧಿಕಾರಿಗಳು ಒಂದೇ ಸಲಕ್ಕೆ ‘ಹಿಂದೆ ಹೋಗಿ’, ‘ಇಲ್ಲಿ ಬನ್ನಿ’ ಎಂದಿರುವುದೂ ಉಂಟು. ಆ ಒಂದು ಹಾಳೆ ಪ್ರಾಸಿಕ್ಯೂಟರ್ ಮೇಜಿನ ಮೇಲೆ ಮಾಡುವ ಕೆಲಸವನ್ನು ಹತ್ತು ಪುಟದ ಅರ್ಜಿ ಮಾಡುವುದಿಲ್ಲ. ಅವರಿಗೆ ಗಂಟೆಗಟ್ಟಲೆ ವಿಡಿಯೊ ನೋಡುವ ಪುರುಸೊತ್ತಿಲ್ಲ, ನಿಮಿಷ–ಸೆಕೆಂಡು ಬರೆದುಕೊಟ್ಟರೆ ನೋಡುತ್ತಾರೆ.

ದೋಷಾರೋಪ ಪತ್ರವನ್ನೂ ಸೂಕ್ಷ್ಮವಾಗಿ ಓದಬೇಕು. ಇಲ್ಲಿ ಅದನ್ನು ‘ಇನ್ಫರ್ಮೇಷನ್’ ಎನ್ನುತ್ತಾರೆ, ಮಿಸ್‌ಡಿಮೀನರಿಗೆ ಗ್ರ್ಯಾಂಡ್ ಜ್ಯೂರಿ (ಆರೋಪ ಹೊರಿಸಬೇಕೇ ಎಂದು ತೀರ್ಮಾನಿಸುವ ನಾಗರಿಕರ ಗುಂಪು) ಬೇಕಿಲ್ಲ. ಅಲಕ್ಷ್ಯದ ಆರೋಪವಿದ್ದಲ್ಲಿ ಯಾವ ಕೃತ್ಯದಿಂದ ಆ ಅಲಕ್ಷ್ಯ ಆಯಿತೆಂದು ಸ್ಪಷ್ಟವಾಗಿ ಬರೆಯಲೇಬೇಕೆಂದು ಕ್ರಿಮಿನಲ್ ಪ್ರೊಸೀಜರ್ ಕೋಡಿನ 21.15ನೇ ವಿಧಿ ಹೇಳುತ್ತದೆ. ಬರೀ ‘ಅಡ್ಡಿಪಡಿಸಿದರು’ ಎಂದಿದ್ದರೆ ರದ್ದತಿಗೆ ಅರ್ಜಿ ಹಾಕಬಹುದು. ತಿದ್ದಿ ಮತ್ತೆ ಹಾಕುತ್ತಾರೆ, ನಿಜ. ಆದರೆ ತಿದ್ದುವಾಗ ಒಂದು ಕೃತ್ಯಕ್ಕೆ ಕಟ್ಟುಬೀಳಬೇಕಾಗುತ್ತದೆ, ಆ ಕೃತ್ಯ ವಿಡಿಯೊದಲ್ಲಿ ಇರಬೇಕಾಗುತ್ತದೆ.

ಇಷ್ಟಾದ ಮೇಲೆ ಎರಡು ಮೂರು ತಾರೀಕು ಮುಂದೂಡಿಕೆ, ನಡುವೆ ಮಾತುಕತೆ. ಒಂಟಿ 38.15 ಕೇಸು ವಿಚಾರಣೆಯವರೆಗೆ ಹೋಗುವುದು ಕಡಿಮೆ. ಹೊರಬರುವ ದಾರಿಗಳೆಲ್ಲ ಹೊರನೋಟಕ್ಕೆ ಒಂದೇ ಥರ ಕಂಡರೂ ಕಾಗದದಲ್ಲಿ ಬೇರೆಬೇರೆ. ವೀಸಾ ಅಥವಾ ಗ್ರೀನ್ ಕಾರ್ಡಿನ ಮೇಲಿರುವವರು ಎಡವುವುದು ಇಲ್ಲೇ.

ಸುಮ್ಮನೆ ವಜಾ ಆದರೆ ಅದಕ್ಕಿಂತ ಒಳ್ಳೆಯದಿಲ್ಲ. ನಂತರದ್ದು ಪ್ರೀಟ್ರಯಲ್ ಡೈವರ್ಷನ್: ಪ್ರಾಸಿಕ್ಯೂಟರ್ ಜೊತೆ ಒಪ್ಪಂದ, ಕೆಲವು ತಿಂಗಳ ನಿಗಾ, ಸಮುದಾಯ ಸೇವೆ, ಒಂದೆರಡು ತರಗತಿ, ಆಮೇಲೆ ವಜಾ. ಸಹಿ ಮಾಡುವ ಮೊದಲು ಒಪ್ಪಂದದೊಳಗೆ ತಪ್ಪೊಪ್ಪಿಗೆಯ ಪುಟ ಇದೆಯೇ ಎಂದು ಹುಡುಕಿ. ಕೆಲವು ಕೌಂಟಿಗಳು ಕೇಳುತ್ತವೆ. ಅದನ್ನು ತೆಗೆಸಬೇಕು, ಆಗದಿದ್ದರೆ ಕೋರ್ಟಿನ ಕಡತಕ್ಕೆ ಸೇರದಂತೆ ನೋಡಿಕೊಳ್ಳಬೇಕು.

ಮೂರನೆಯದು ಡೆಫರ್ಡ್ ಅಡ್ಜುಡಿಕೇಷನ್. ತಪ್ಪೊಪ್ಪಿಕೊಂಡು, ಅಥವಾ ‘ವಾದಿಸುವುದಿಲ್ಲ’ ಎಂದು, ಎರಡು ವರ್ಷದವರೆಗಿನ ನಿಗಾ ಮುಗಿಸಿದರೆ ಟೆಕ್ಸಾಸಿನ ಮಟ್ಟಿಗೆ ಕನ್ವಿಕ್ಷನ್, ಅಂದರೆ ಅಪರಾಧಿಯೆಂಬ ತೀರ್ಪು, ಆದಂತಲ್ಲ. ‘ಇದು ಕನ್ವಿಕ್ಷನ್ ಅಲ್ಲ’ ಎಂದು ಕಾರಿಡಾರಿನಲ್ಲಿ ಹೇಳುವವರು ಸುಳ್ಳು ಹೇಳುತ್ತಿಲ್ಲ, ಅರ್ಧ ಹೇಳುತ್ತಿದ್ದಾರೆ. ಒಕ್ಕೂಟದ ವಲಸೆ ಕಾನೂನಿನ ಪ್ರಕಾರ ತಪ್ಪೊಪ್ಪಿಗೆಯೂ ನ್ಯಾಯಾಧೀಶರು ವಿಧಿಸಿದ ಯಾವುದೇ ನಿರ್ಬಂಧವೂ ಸೇರಿದರೆ ಅದು ಕನ್ವಿಕ್ಷನ್ನೇ. ಈ ಪರಿಣಾಮವನ್ನು ವಕೀಲರು ಹೇಳಲೇಬೇಕೆಂದು ಸುಪ್ರೀಂ ಕೋರ್ಟಿನ ಪಡೀಯ (Padilla) ಪ್ರಕರಣದಲ್ಲಿ 2010ರಲ್ಲೇ ತೀರ್ಪಾಗಿದೆ. ಹಾಗಾಗಿ ಕ್ರಿಮಿನಲ್ ವಕೀಲರ ಜೊತೆ ವಲಸೆ ವಕೀಲರ ಲಿಖಿತ ಅಭಿಪ್ರಾಯವನ್ನೂ ಇದಕ್ಕೆ ಮೊದಲೇ ತೆಗೆದುಕೊಳ್ಳಿ.

ಎಲ್ಲಕ್ಕಿಂತ ಕೆಟ್ಟದ್ದು ‘ಟೈಮ್ ಸರ್ವ್ಡ್’. ಜೈಲಿನಲ್ಲೇ ಇರುವವರಿಗೆ ‘ಒಪ್ಪಿಕೊಳ್ಳಿ, ಕಳೆದ ದಿನಗಳೇ ಶಿಕ್ಷೆ, ಈ ಸಂಜೆ ಮನೆಗೆ ಹೋಗಿ’ ಎನ್ನುತ್ತಾರೆ. ಮನೆಗೇನೋ ಹೋಗಬಹುದು, ಕನ್ವಿಕ್ಷನ್ ಜೀವಮಾನದ್ದು. ಬೇರೆ ಕೇಸಿನಲ್ಲಿ ಒಪ್ಪಿಕೊಂಡು ಇದನ್ನು ಪೀನಲ್ ಕೋಡಿನ 12.45ರಡಿ ಸೇರಿಸಿ ವಜಾ ಮಾಡಿಸುವುದೂ ಬಲೆಯೇ. ಹಾಳೆಯ ಮೇಲೆ ‘ವಜಾ’ ಎಂದಿದ್ದರೂ ತಪ್ಪು ಮಾಡಿದೆ ಎಂಬ ಒಪ್ಪಿಗೆ ಅದರೊಳಗಿರುತ್ತದೆ.

ಯಾವ ದಾರಿಯೂ ಒಗ್ಗದಿದ್ದರೆ ಆರು ಜನರ ಜ್ಯೂರಿ, ಆರೂ ಜನ ಒಮ್ಮತಕ್ಕೆ ಬರಬೇಕು. ‘ಬರೀ ಮಾತು’ ಎಂಬ ರಕ್ಷಣೆಗೆ ಸ್ವಲ್ಪ ಸಾಕ್ಷ್ಯ ಮುಂದಿಟ್ಟರೆ ಸಾಕು, ಅದನ್ನು ಸಂಶಯಾತೀತವಾಗಿ ಅಲ್ಲಗಳೆಯುವ ಹೊರೆ ಸರ್ಕಾರದ್ದು.

ಕೇಸು ನಡೆಯುವಾಗ ಊರಿಗೆ ಹೋಗಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಬಾಂಡಿನ ಷರತ್ತು ಒಪ್ಪಿದರೂ ನನ್ನ ಉತ್ತರ ಬೇಡ ಎಂದೇ. ವೀಸಾ ಸ್ಟ್ಯಾಂಪಿಂಗಿನ ಡಿಎಸ್-160 ಅರ್ಜಿಯಲ್ಲಿ ಬಂಧನದ ಪ್ರಶ್ನೆಯಿದೆ, ಬಾಕಿ ಇರುವ ಕೇಸಿಗೆ ತೋರಿಸಲು ಕಾಗದವಿರುವುದಿಲ್ಲ.

ಮುಗಿದ ಮೇಲೆ ಕೌಂಟಿ ಕ್ಲರ್ಕ್ ಕಚೇರಿಗೆ ಹೋಗಿ ದೋಷಾರೋಪ ಪತ್ರ, ವಜಾ ಆದೇಶ ಎರಡಕ್ಕೂ ದೃಢೀಕೃತ ಪ್ರತಿ ಮೂರು ಮೂರು ತೆಗೆಸಿ. ಆಮೇಲಷ್ಟೇ ದಾಖಲೆ ಅಳಿಸುವ ಎಕ್ಸ್‌ಪಂಕ್ಷನ್ ಅರ್ಜಿ. ಅದರ ನಿಯಮಗಳು 2025ರ ಜನವರಿಯಿಂದ ಕ್ರಿಮಿನಲ್ ಪ್ರೊಸೀಜರ್ ಕೋಡಿನ 55ಎ ಅಧ್ಯಾಯದಲ್ಲಿವೆ. ಅವಸರಪಟ್ಟು ಮೊದಲು ಅಳಿಸಿದವರು ಪೌರತ್ವದ ಎನ್-400 ಅರ್ಜಿ ತುಂಬುವಾಗ ಪರದಾಡುತ್ತಾರೆ: ಅಳಿಸಿದ ಬಂಧನವನ್ನೂ ಅಲ್ಲಿ ಹೇಳಬೇಕು, ಕಾಗದ ತೋರಿಸಿ ಎನ್ನುತ್ತಾರೆ, ಕ್ಲರ್ಕ್ ಕಚೇರಿಯಲ್ಲಿ ಕೇಳಿದರೆ ಅಂಥ ಕೇಸೇ ಇಲ್ಲ ಎನ್ನುತ್ತಾರೆ.