ಹೇಳದೇ ಬಿಟ್ಟ ಊಹೆಯನ್ನು ಹಿಡಿಯುವುದು ಹೇಗೆ?

ಒಂದು ಹೇಳಿಕೆ, ಅದರ ಕೆಳಗೆ ಎರಡೋ ಮೂರೋ ಊಹೆಗಳು, ‘ಇವುಗಳಲ್ಲಿ ಯಾವುದು ಹೇಳಿಕೆಯಲ್ಲಿ ಅಡಗಿದೆ?’ ಎಂಬ ಪ್ರಶ್ನೆ. ಬ್ಯಾಂಕ್ ಪರೀಕ್ಷೆ ಬರೆದವರಿಗೆ ಇದು ಚಿರಪರಿಚಿತ. ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಯ ಸಿಸ್ಯಾಟ್ ಪತ್ರಿಕೆ, ಕಾನೂನು ಪದವಿ ಪ್ರವೇಶದ ಕ್ಲ್ಯಾಟ್ ಪರೀಕ್ಷೆ ಇದನ್ನೇ ಗದ್ಯಭಾಗ ಕೊಟ್ಟು ಕೇಳುತ್ತವೆ. ಸಿಸ್ಯಾಟ್‌ನಲ್ಲಿ ಪ್ರಶ್ನೆಗೆ 2.5 ಅಂಕ, ತಪ್ಪಾದರೆ ಅದರ ಮೂರನೇ ಒಂದು ಭಾಗ ಕಡಿತ. ‘ಓದಲು ಸರಿ ಅನ್ನಿಸಿತು’ ಎಂದು ಗುರುತು ಹಾಕುವವರು ಹೆಚ್ಚು ಅಂಕ ಕಳೆದುಕೊಳ್ಳುವುದು ಇಂಥ ಪ್ರಶ್ನೆಗಳಲ್ಲಿಯೇ.

ಹೇಳಿಕೆ ಬರೆದವರು ಊಹೆಯನ್ನು ಬಾಯಿಬಿಟ್ಟು ಹೇಳಿರಬಾರದು. ಆದರೆ ಅದು ಸುಳ್ಳಾದರೆ ಅವರ ವಾದ ನಿಲ್ಲಬಾರದು. ಈ ಎರಡೂ ಷರತ್ತು ಪೂರೈಸಿದ್ದು ಮಾತ್ರ ಊಹೆ. ಲೋಕದಲ್ಲಿ ಅದು ನಿಜವೇ ಎಂಬ ಪ್ರಶ್ನೆ ಇಲ್ಲಿ ಬರುವುದೇ ಇಲ್ಲ.

ಮೊದಲು ತೀರ್ಮಾನ, ಆಮೇಲೆ ಕಾರಣ

ಈ ವಾದವನ್ನು ನೋಡಿ: ‘ಕಳೆದ ವರ್ಷಕ್ಕಿಂತ ನಗರದ ಬಸ್ ಪ್ರಯಾಣಿಕರು ಶೇ 20ರಷ್ಟು ಹೆಚ್ಚಿದ್ದಾರೆ. ಆದ್ದರಿಂದ ರಸ್ತೆಯಲ್ಲಿ ಸ್ವಂತ ವಾಹನಗಳ ಓಡಾಟ ಇಳಿದಿದೆ.’

‘ಆದ್ದರಿಂದ’, ‘ಹಾಗಾಗಿ’ ಪದಗಳ ನಂತರ ಬರುವುದು ತೀರ್ಮಾನ. ‘ಏಕೆಂದರೆ’ ಪದದ ನಂತರ ಬರುವುದು ಕಾರಣ. ಇಂಥ ಪದಗಳಿಲ್ಲದಿದ್ದರೆ ಪ್ರತಿ ವಾಕ್ಯಕ್ಕೂ ‘ಏಕೆ?’ ಎಂದು ಕೇಳಿ. ಉತ್ತರ ಆ ಗದ್ಯದಲ್ಲೇ ಸಿಗುವ ವಾಕ್ಯವೇ ತೀರ್ಮಾನ.

ನಂತರ ತೀರ್ಮಾನದಲ್ಲಿ ಹೊಸದಾಗಿ ಕಾಣಿಸಿಕೊಂಡ ವಿಷಯಕ್ಕೆ ಅಡಿಗೆರೆ ಎಳೆಯಿರಿ. ಮೇಲಿನ ವಾದದಲ್ಲಿ ಅದು ‘ಸ್ವಂತ ವಾಹನ’. ಕಾರಣದಲ್ಲಿ ಅದರ ಸುದ್ದಿಯೇ ಇಲ್ಲ. ಬಸ್ಸಿನಿಂದ ಸ್ವಂತ ವಾಹನಕ್ಕೆ ಹಾರಿದ ಆ ಜಾಗದಲ್ಲೇ ಊಹೆ ಇದೆ. ಆಯ್ಕೆಗಳನ್ನು ಓದುವ ಮುನ್ನವೇ ಇಷ್ಟನ್ನು ಗುರುತಿಸಿಕೊಳ್ಳಬೇಕು. ಇಲ್ಲದಿದ್ದರೆ ಆಯ್ಕೆಗಳೇ ನಿಮ್ಮ ಯೋಚನೆಯನ್ನು ಎಳೆದುಕೊಂಡು ಹೋಗುತ್ತವೆ.

ತಿರುಗಿಸಿ ನೋಡಿ

ಈಗ ಆಯ್ಕೆಗಳು:

ಅ) ಹೊಸ ಪ್ರಯಾಣಿಕರೆಲ್ಲರೂ ಮೊದಲು ಸ್ವಂತ ವಾಹನ ಬಳಸುತ್ತಿದ್ದರು.
ಆ) ಹೊಸ ಪ್ರಯಾಣಿಕರಲ್ಲಿ ಕೆಲವರಾದರೂ ಮೊದಲು ಸ್ವಂತ ವಾಹನ ಬಳಸುತ್ತಿದ್ದರು.
ಇ) ಸ್ವಂತ ವಾಹನಕ್ಕಿಂತ ಬಸ್ ಪ್ರಯಾಣ ಅಗ್ಗ.
ಈ) ವಾಹನಗಳು ಕಡಿಮೆಯಾದರೆ ಹೊಗೆ ಕಡಿಮೆಯಾಗುತ್ತದೆ.

ಪ್ರತಿಯೊಂದನ್ನೂ ನಿರಾಕರಿಸಿ, ವಾದ ಉಳಿಯುತ್ತದೆಯೇ ನೋಡಿ. ‘ಆ’ ಆಯ್ಕೆಯ ನಿರಾಕರಣೆ: ‘ಹೊಸಬರಲ್ಲಿ ಒಬ್ಬರೂ ಮೊದಲು ಸ್ವಂತ ವಾಹನ ಬಳಸುತ್ತಿರಲಿಲ್ಲ.’ ಹಾಗಿದ್ದರೆ ಬಸ್ ತುಂಬಿದ್ದಕ್ಕೂ ವಾಹನ ಇಳಿದದ್ದಕ್ಕೂ ಸಂಬಂಧವೇ ಉಳಿಯುವುದಿಲ್ಲ. ಉತ್ತರ ಇದೇ. ‘ಅ’ ಆಯ್ಕೆಯ ನಿರಾಕರಣೆ: ‘ಕನಿಷ್ಠ ಒಬ್ಬರು ಬಳಸುತ್ತಿರಲಿಲ್ಲ, ಉಳಿದವರು ಬಳಸುತ್ತಿದ್ದಿರಬಹುದು.’ ವಾದಕ್ಕೆ ಏನೂ ಆಗಲಿಲ್ಲ. ‘ಅ’ ವಾದಕ್ಕೆ ಬಲ ಕೊಡುತ್ತದೆ, ಆದರೆ ವಾದಕ್ಕೆ ಅದು ಬೇಕೇ ಬೇಕು ಎಂದಿಲ್ಲ. ಚೆನ್ನಾಗಿ ಓದಿಕೊಂಡವರೂ ಬೀಳುವ ಬಲೆ ಇದು. ‘ಇ’ ಜನ ಬಸ್ ಹತ್ತಲು ಒಂದು ಕಾರಣವಾದೀತು ಅಷ್ಟೇ. ‘ಈ’ ತೀರ್ಮಾನದಿಂದ ಮುಂದಕ್ಕೆ ಹೋಗುವ ಮಾತು.

ಇಲ್ಲಿ ಒಂದು ಸೂಕ್ಷ್ಮವಿದೆ. ನಿರಾಕರಿಸಿದಾಗ ತೀರ್ಮಾನವೇ ಸುಳ್ಳಾಗಬೇಕೆಂದಿಲ್ಲ. ಬೇರೆ ಯಾವುದೋ ಕಾರಣಕ್ಕೆ ವಾಹನಗಳು ಇಳಿದಿರಬಹುದು. ಕೊಟ್ಟ ಕಾರಣದಿಂದ ತೀರ್ಮಾನಕ್ಕೆ ಬರುವ ದಾರಿ ಕಡಿದುಹೋದರೆ ಸಾಕು.

ಊಹೆ ಯಾವಾಗಲೂ ಎರಡು ವಿಷಯಗಳನ್ನು ಜೋಡಿಸುವ ರೂಪದಲ್ಲೇ ಬರುವುದಿಲ್ಲ. ‘ಬಸ್ಸಿಗೆ ಬದಲಾದವರ ವಾಹನಗಳನ್ನು ಮನೆಯ ಬೇರೆಯವರು ಅಷ್ಟೇ ಪ್ರಮಾಣದಲ್ಲಿ ಓಡಿಸುತ್ತಿಲ್ಲ’ ಎಂಬುದೂ ಇದೇ ವಾದದ ಊಹೆ. ಬರಬಹುದಾದ ಆಕ್ಷೇಪವನ್ನು ಮುಂಚೆಯೇ ತಳ್ಳಿಹಾಕುವ ಇಂಥ ಆಯ್ಕೆ ‘ಸಂಬಂಧವಿಲ್ಲದ್ದು’ ಎಂದು ಕಾಣುವುದರಿಂದ ಹಲವರು ಬಿಟ್ಟುಬಿಡುತ್ತಾರೆ. ‘ಇಲ್ಲ’, ‘ಅಲ್ಲ’ ಎಂದು ಮುಗಿಯುವ ಆಯ್ಕೆಗಳನ್ನು ಎರಡು ಸಲ ಓದಿ.

ನಿರಾಕರಣೆ ತಪ್ಪುವುದು ಎಲ್ಲಿ?

‘ಎಲ್ಲರೂ’ ಎಂಬುದರ ನಿರಾಕರಣೆ ‘ಯಾರೂ ಇಲ್ಲ’ ಅಲ್ಲ. ‘ಕನಿಷ್ಠ ಒಬ್ಬರು ಹಾಗಿಲ್ಲ’. ‘ಕೆಲವರು’ ಎಂಬುದಕ್ಕೆ ‘ಒಬ್ಬರೂ ಇಲ್ಲ’. ‘ಹೆಚ್ಚು’ ಎಂಬುದಕ್ಕೆ ‘ಕಡಿಮೆ’ ಅಲ್ಲ, ‘ಅಷ್ಟೇ ಅಥವಾ ಕಡಿಮೆ’. ‘ಮಳೆ ಬಂದರೆ ಪಂದ್ಯ ರದ್ದಾಗುತ್ತದೆ’ ಎಂಬುದನ್ನು ‘ಮಳೆ ಬಂದರೂ ಪಂದ್ಯ ನಡೆಯಬಹುದು’ ಎಂದು ನಿರಾಕರಿಸಬೇಕು. ಮಳೆ ಬಾರದಿದ್ದರೆ ಏನಾಗುತ್ತದೆ ಎಂಬುದು ಬೇರೆಯೇ ಮಾತು.

ಸೂಚನೆ, ಜಾಹೀರಾತು ಬಂದಾಗ

ಬ್ಯಾಂಕ್ ಪರೀಕ್ಷೆಯ ಹೇಳಿಕೆಗಳಲ್ಲಿ ಅನೇಕ ಸಲ ತೀರ್ಮಾನವೇ ಇರುವುದಿಲ್ಲ. ಉದಾಹರಣೆಗೆ: ‘ಕೆಲವು ದಿನ ನೀರನ್ನು ಕುದಿಸಿ ಕುಡಿಯಿರಿ ಎಂದು ನಗರಸಭೆ ಪ್ರಕಟಣೆ ಹೊರಡಿಸಿದೆ.’ ಇಲ್ಲಿ ‘ಹೀಗೆ ಹೇಳುವವರು ಏನನ್ನು ನಂಬಿರಬೇಕು?’ ಎಂದು ಕೇಳಿಕೊಳ್ಳಿ. ಕುದಿಸಿದರೆ ಅಪಾಯ ತಗ್ಗುತ್ತದೆ, ಜನರಲ್ಲಿ ಒಂದಷ್ಟು ಮಂದಿಯಾದರೂ ಈ ಮಾತು ಪಾಲಿಸಬಹುದು: ಎರಡೂ ಅಡಗಿವೆ. ‘ಎಲ್ಲರೂ ತಪ್ಪದೆ ಪಾಲಿಸುತ್ತಾರೆ’ ಎಂಬುದು ಅಡಗಿಲ್ಲ. ‘ಎಲ್ಲ’, ‘ಮಾತ್ರ’, ‘ಖಂಡಿತ’ ಎಂಬ ಪದಗಳು ಕಂಡಾಗ ಹೇಳಿಕೆಯಲ್ಲಿಯೂ ಅಷ್ಟೇ ಬಿಗಿ ಇದೆಯೇ ಎಂದು ಹೋಲಿಸಿ. ಇದ್ದರೆ ಆ ಆಯ್ಕೆ ಸರಿಯಾಗಿರಬಹುದು. ಪದ ಕಂಡ ಮಾತ್ರಕ್ಕೆ ಹೊಡೆದುಹಾಕಬೇಡಿ.

ಅಭ್ಯಾಸದ ಮೊದಲ ಹಂತದಲ್ಲಿ ಗಡಿಯಾರ ಪಕ್ಕಕ್ಕಿಟ್ಟು, ಪ್ರತಿ ಆಯ್ಕೆಯ ನಿರಾಕರಣೆಯನ್ನು ಹಾಳೆಯಲ್ಲಿ ಬರೆಯಿರಿ. ಅದು ಸಲೀಸಾದ ಮೇಲೆ ಮನಸ್ಸಿನಲ್ಲೇ ಮಾಡಿ. ಪರೀಕ್ಷೆಯಲ್ಲಿ ಎಲ್ಲ ಆಯ್ಕೆಗಳನ್ನೂ ನಿರಾಕರಿಸುತ್ತ ಕೂರುವಷ್ಟು ಸಮಯವಿರುವುದಿಲ್ಲ. ಕೊನೆಗೆ ಉಳಿದ ಎರಡಕ್ಕೆ ಮಾತ್ರ ಈ ಪರೀಕ್ಷೆ ಇಟ್ಟುಕೊಳ್ಳಿ.