ಮೈಲುತುತ್ತಿನ ಬಕೆಟ್ಟಿನಲ್ಲಿದೆ ರಸಾಯನಶಾಸ್ತ್ರ: ಹೈಸ್ಕೂಲು ಮಕ್ಕಳ ಓದಿಗೆ ಹೆತ್ತವರು ಹೇಗೆ ನೆರವಾಗಬಹುದು?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಕನ್ನಡ ಮಾಧ್ಯಮ ಹೈಸ್ಕೂಲೊಂದರಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತಿದ್ದಾಗ, ಹೆತ್ತವರ ಸಭೆಗೆ ಬಂದ ಅಡಕೆ ಕೃಷಿಕರೊಬ್ಬರು ಮಗಳ ಉತ್ತರಪತ್ರಿಕೆಯನ್ನು ಎರಡು ಸಲ ತಿರುವಿ ನೋಡಿ, "ನಮಗೆ ಈ ಕೆಮಿಸ್ಟ್ರಿಯೆಲ್ಲ ಎಲ್ಲಿ ಗೊತ್ತುಂಟು ಮಾಷ್ಟ್ರೇ, ನೀವೇ ಏನಾದರೂ ಮಾಡಿ" ಎಂದಿದ್ದರು. ಅಡಕೆಗೆ ಮದ್ದು ಬಿಡುವ (ಸಿಂಪಡಿಸುವ) ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿ ಬಂದಿದ್ದರೆಂದು ಕಾಣುತ್ತದೆ. ಉಗುರಿನ ಸಂದಿಯಲ್ಲಿ ಮೈಲುತುತ್ತಿನ ನೀಲಿ ಇನ್ನೂ ಉಳಿದಿತ್ತು. ಮಗಳು ತಪ್ಪು ಬರೆದಿದ್ದುದು ತಾಮ್ರದ ಸಲ್ಫೇಟಿನ, ಅಂದರೆ ಮೈಲುತುತ್ತಿನ, ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆಗೆ. ಅಪ್ಪ ಅದನ್ನೇ ಆ ಬೆಳಗ್ಗೆ ಕತ್ತಿಯ ಅಲಗನ್ನು ಅದ್ದಿ ಪರೀಕ್ಷಿಸಿ ಬಂದಿದ್ದರು.

ಕೇರಳದ ಪಠ್ಯಕ್ರಮದಲ್ಲಿ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರಕ್ಕೆ ಬೇರೆಯೇ ಪುಸ್ತಕ ಬರುತ್ತದೆ. ಹೆತ್ತವರು ಅದನ್ನು ಓದಿ ಪಾಠ ಮಾಡಬೇಕಾಗಿಲ್ಲ. ಮಗುವಿನಿಂದ ಮಾತಾಡಿಸುವುದು, ಮನೆಯಲ್ಲಿ ನಡೆಯುವ ಕ್ರಿಯೆಗಳನ್ನು ತೋರಿಸುವುದು, ಓದು ಸರಿಯಾದ ಅನುಕ್ರಮದಲ್ಲಿ ಸಾಗುತ್ತಿದೆಯೇ ಎಂದು ಗಮನಿಸುವುದು, ಇವಿಷ್ಟು ಸಾಕು.

ಮೊದಲು ಒಂದು ಪದಗಳ ಪುಸ್ತಕ

ನಮ್ಮ ಗಡಿನಾಡಿನ ಮಕ್ಕಳಿಗೆ ಬೇರೆಡೆಯ ಮಕ್ಕಳಿಗಿಲ್ಲದ ಒಂದು ತೊಡಕಿದೆ. ಶಾಲೆಯ ಪಾಠ ಕನ್ನಡದಲ್ಲಿ, ಟ್ಯೂಷನ್ ಅನೇಕ ಸಲ ಮಲೆಯಾಳದಲ್ಲಿ, ಮೊಬೈಲಿನ ವೀಡಿಯೊ ಇಂಗ್ಲಿಷಿನಲ್ಲಿ. ನಾವು ಅಣು ಎನ್ನುವುದನ್ನು ಮಲೆಯಾಳದಲ್ಲಿ ತನ್ಮಾತ್ರ ಎನ್ನುತ್ತಾರೆ. ನಮ್ಮ ಧಾತು ಅಲ್ಲಿ ಮೂಲಕಂ. ಕನ್ನಡ ಪುಸ್ತಕಗಳಲ್ಲೇ ಒಂದರಲ್ಲಿ ಧಾತು, ಇನ್ನೊಂದರಲ್ಲಿ ಮೂಲವಸ್ತು ಎಂದಿರುತ್ತದೆ. ಸಾಲದ್ದಕ್ಕೆ ಪಾಠದಲ್ಲಿ ಅಣುವೇ ಬೇರೆ, ಪರಮಾಣುವೇ ಬೇರೆಯಾದರೂ ಪತ್ರಿಕೆಯವರು 'ಅಣುಬಾಂಬ್' ಎಂದು ಬರೆದು ಎರಡನ್ನೂ ಒಂದುಮಾಡಿಬಿಡುತ್ತಾರೆ. ಆದ್ದರಿಂದ ಇನ್ನೂರು ಪುಟದ ನೋಟ್‌ಬುಕ್ಕೊಂದರಲ್ಲಿ ಗೆರೆ ಎಳೆಸಿ, ಕನ್ನಡ, ಮಲೆಯಾಳ, ಇಂಗ್ಲಿಷ್ ಎಂದು ಮೂರು ಅಂಕಣ ಮಾಡಿಸಿ, ಹೊಸ ಪದ ಬಂದ ದಿನವೇ ಮೂರರಲ್ಲೂ ಬರೆಯಿಸಿರಿ. ಪಕ್ಕದ ಮನೆಯ ಚೇಚಿಯನ್ನು ಕೇಳಿ ಮಲೆಯಾಳದ ಅಂಕಣ ತುಂಬಿಸುವುದು ಹೆತ್ತವರೇ ಮಾಡಬಹುದಾದ ಕೆಲಸ.

ಅನಂತರ ಸಂಕೇತ ಮತ್ತು ವೇಲೆನ್ಸಿ

ಹತ್ತನೆಯ ತರಗತಿಯಲ್ಲಿ ಸಮೀಕರಣ ಬರೆಯಲಾಗದೆ ಕೂರುವ ಮಗುವಿನ ಸಮಸ್ಯೆ ಹೆಚ್ಚಾಗಿ ಹತ್ತನೆಯ ತರಗತಿಯದಲ್ಲ. ಎಂಟು ಒಂಬತ್ತರಲ್ಲಿ ಧಾತುಗಳ ಸಂಕೇತ, ವೇಲೆನ್ಸಿಗಳು (ಬೇರೆ ಧಾತುಗಳೊಡನೆ ಕೂಡುವ ಸಾಮರ್ಥ್ಯವನ್ನು ಹೇಳುವ ಅಂಕೆಗಳು) ಗಟ್ಟಿಯಾಗಿರುವುದಿಲ್ಲ. ಇದೊಂದು ಭಾಗವನ್ನು ಬಾಯಿಪಾಠ ಮಾಡಲೇಬೇಕು, ಬೇರೆ ದಾರಿಯಿಲ್ಲ. ಹಳೆಯ ಮದುವೆ ಕಾಗದಗಳನ್ನು ಕತ್ತರಿಸಿ ಚೀಟಿ ಮಾಡಿಸಿ. ಒಂದು ಬದಿಯಲ್ಲಿ ಧಾತುವಿನ ಹೆಸರು, ಇನ್ನೊಂದು ಬದಿಯಲ್ಲಿ ಸಂಕೇತ ಮತ್ತು ವೇಲೆನ್ಸಿ ಇರಲಿ. ಮೊದಲ 20 ಧಾತುಗಳು, ಅವುಗಳ ಜೊತೆಗೆ ಕಬ್ಬಿಣ, ತಾಮ್ರ, ಸತು, ಬೆಳ್ಳಿ, ಚಿನ್ನ, ಸೀಸ ಇಷ್ಟು ಸಾಕು. ಸೋಡಿಯಮ್ಮಿನ ಸಂಕೇತ ಅದರ ಹೆಸರಿಗೆ ಹೊಂದುವುದಿಲ್ಲವಲ್ಲ ಎಂದು ಮಗು ಕೇಳಿದರೆ, ಅದು ನೇಟ್ರಿಯಂ ಎಂಬ ಲ್ಯಾಟಿನ್ ಹೆಸರಿನಿಂದ ಬಂದದ್ದು, ಕಬ್ಬಿಣದ್ದು ಫೆರಮ್ಮಿನಿಂದ, ತಾಮ್ರದ್ದು ಕ್ಯುಪ್ರಮ್ಮಿನಿಂದ, ಚಿನ್ನದ್ದು ಆರಮ್ಮಿನಿಂದ ಬಂದದ್ದು ಎಂದು ಹೇಳಿ. ದಿನಕ್ಕೆ ಐದು ಚೀಟಿ, ಊಟಕ್ಕೆ ಎಲೆ ಹಾಕುವ ಮೊದಲು ಐದು ನಿಮಿಷ.

ತೋಟದಲ್ಲಿರುವ ಪಾಠ

ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದಲ್ಲಿ ಪಠ್ಯಪುಸ್ತಕದ ಮೂರು ನಾಲ್ಕು ಅಧ್ಯಾಯಗಳು ಅಡಗಿವೆ. ಶೇಕಡಾ ಒಂದರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ 50 ಲೀಟರಿನಂತೆ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಕರಗಿಸಿ, ಸುಣ್ಣದ ಹಾಲಿಗೆ ಮೈಲುತುತ್ತಿನ ನೀರನ್ನು ಕಲಕುತ್ತ ಹೊಯ್ಯುತ್ತೇವೆ. ಆಮೇಲೆ ಕಬ್ಬಿಣದ ಕತ್ತಿಯನ್ನು ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಲೇಪ ಕೂತರೆ, ಸುಣ್ಣ ಸಾಲದು ಎಂದು ತಿಳಿದು ಇನ್ನಷ್ಟು ಸೇರಿಸುತ್ತೇವೆ. ಆ ಕೆಂಪು ಬೇರೇನಲ್ಲ, ತಾಮ್ರ. ಕಬ್ಬಿಣ ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲವಾದುದರಿಂದ ತಾನು ದ್ರಾವಣಕ್ಕೆ ಇಳಿದು, ಅಲ್ಲಿದ್ದ ತಾಮ್ರವನ್ನು ಹೊರಗೆ ಹಾಕುತ್ತದೆ. ಮೈಲುತುತ್ತನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದು ಎಂಬ ಹಿರಿಯರ ಮಾತಿಗೂ ಇದೇ ಕಾರಣ.

ಇದನ್ನು ಮಗುವಿಗೆ ವಿವರಿಸಲು ಹೋಗಬೇಡಿ, ಕೇಳಿ. ಸಂಜೆ ಅಡಕೆ ಸುಲಿಯುತ್ತ ಕೂತಾಗ, "ಕತ್ತಿ ಯಾಕೆ ಕೆಂಪಾಯಿತು?" ಎನ್ನಿ. "ಸ್ಥಾನಪಲ್ಲಟ ಕ್ರಿಯೆ ಅಪ್ಪಾ" ಎಂಬ ಉತ್ತರ ಬರುತ್ತದೆ. ಅಷ್ಟಕ್ಕೆ ಬಿಡದೆ, "ಅಂದರೆ ಯಾರು ಯಾರನ್ನು ಹೊರಗೆ ಹಾಕಿದ್ದು?" ಎಂದು ಕೇಳಿ. ಮಗು ಪುನಃ ಪುಸ್ತಕದ ವಾಕ್ಯವನ್ನೇ ಒಪ್ಪಿಸಿದರೆ ವಿಷಯ ಅರ್ಥವಾಗಿಲ್ಲ ಎಂದು ತಿಳಿಯಿರಿ. ತನ್ನ ಮಾತಿನಲ್ಲಿ, ಮನೆಯ ಮಾತು ತುಳುವೋ ಹವ್ಯಕವೋ ಆಗಿದ್ದರೆ ಅದರಲ್ಲೇ, ಹೇಳಿದರೆ ಅರ್ಥವಾಗಿದೆ. ಉತ್ತರ ಸರಿಯೋ ತಪ್ಪೋ ನಿಮಗೆ ತಿಳಿಯದಿದ್ದರೂ ಅಡ್ಡಿಯಿಲ್ಲ, ನಾಳೆ ಮಾಷ್ಟ್ರಲ್ಲಿಯೋ ಟೀಚರಲ್ಲಿಯೋ ಕೇಳಿಕೊಂಡು ಬಾ ಎನ್ನಬಹುದು.

ಒಂದು ಎಚ್ಚರಿಕೆ: ಮೈಲುತುತ್ತು ವಿಷ, ಸುಟ್ಟ ಸುಣ್ಣ ನೀರು ಬಿದ್ದೊಡನೆ ಕುದಿದು ಕಣ್ಣಿಗೆ ಸಿಡಿಯಬಲ್ಲದು. ಮಕ್ಕಳು ದೂರ ನಿಂತು ನೋಡಲಿ, ಕಲಕುವುದು ಬೇಡ. ಬ್ಲೀಚಿಂಗ್ ಪೌಡರಿಗೆ ಕಕ್ಕಸು ತೊಳೆಯುವ ಆಸಿಡ್ ಸೇರಿಸಿ ನೋಡುವ ಕುತೂಹಲಕ್ಕಂತೂ ಎಡೆಗೊಡಲೇಬಾರದು. ಹೊಮ್ಮುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನು ಸುಡುತ್ತದೆ. ಕೈಯಿಂದಲೇ ಮಾಡಿ ನೋಡಬೇಕೆಂದಿದ್ದರೆ ದಾಸವಾಳ ಹೂವಿನ ರಸಕ್ಕೆ ನಿಂಬೆಹುಳಿ, ಸೋಪಿನ ನೀರು ಹಾಕಿ ಬಣ್ಣ ನೋಡಬಹುದು.

ಸಮೀಕರಣ, ಮೋಲ್ ಲೆಕ್ಕ

ಸಮೀಕರಣ ಸರಿದೂಗಿಸುವುದಕ್ಕೆ ಸುಣ್ಣದ ಕಥೆಯೇ ಒಳ್ಳೆಯ ಆರಂಭ. ಸುಣ್ಣಕ್ಕೆಂದು ಸುಡುವ ಕಡಲ ಚಿಪ್ಪು ಎಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಶುದ್ಧವಾದ 100 ಕಿಲೋ ಕಾರ್ಬೊನೇಟನ್ನು ಪೂರ್ತಿ ಸುಟ್ಟರೆ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ, 44 ಕಿಲೋ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಆ 56 ಕಿಲೋ ಸುಣ್ಣ 18 ಕಿಲೋ ನೀರನ್ನು ಹೀರಿ ಅರಳಿದರೆ 74 ಕಿಲೋ ಆಗುತ್ತದೆ. ಏನೂ ಕಾಣೆಯಾಗಲಿಲ್ಲ, ಏನೂ ಹೊಸದಾಗಿ ಹುಟ್ಟಲಿಲ್ಲ. ಬಾಣದ ಗುರುತಿನ ಎರಡೂ ಕಡೆ ಪರಮಾಣುಗಳನ್ನು ಎಣಿಸಿ ಸಮ ಮಾಡುವುದು ಈ ಲೆಕ್ಕಕ್ಕಾಗಿಯೇ ಎಂದು ಒಮ್ಮೆ ಹೊಳೆದರೆ ಮಗು ಕಣ್ಣುಮುಚ್ಚಿ ಅಂಕೆ ತುಂಬಿಸುವುದನ್ನು ಬಿಡುತ್ತದೆ.

ಮೋಲ್ ಎಂದೊಡನೆ ಪುಸ್ತಕ ಮುಚ್ಚುವವರು ಬಹಳ. ಅಡಕೆಯನ್ನು ಯಾರೂ ಎಣಿಸಿ ಮಾರುವುದಿಲ್ಲ, ತೂಗಿ ಮಾರುತ್ತಾರೆ. ಆದರೆ ನೂರು ಅಡಕೆಯ ತೂಕ ಗೊತ್ತಿದ್ದರೆ ಒಂದು ಗೋಣಿಯಲ್ಲಿ ಸುಮಾರು ಎಷ್ಟು ಅಡಕೆ ಇದೆ ಎಂದು ಎಣಿಸದೆಯೇ ಹೇಳಬಹುದು. ಮೋಲ್ ಕೂಡ ಹೀಗೆ ತೂಕದಿಂದ ಅಣು, ಪರಮಾಣುಗಳ ಎಣಿಕೆಗೆ ಹೋಗುವ ದಾರಿ, ಅಲ್ಲಿನ 'ನೂರು' ಮಾತ್ರ ವಿಪರೀತ ದೊಡ್ಡದು: 6022ರ ಮುಂದೆ ಇಪ್ಪತ್ತು ಸೊನ್ನೆ. ಮೈಲುತುತ್ತಿನ ಒಂದು ಮೋಲ್ ಸುಮಾರು 249.7 ಗ್ರಾಂ ತೂಗುತ್ತದೆ. ಅಂಗಡಿಯಿಂದ ತಂದ ಒಂದು ಕಿಲೋ ಪೊಟ್ಟಣದಲ್ಲಿ ಸುಮಾರು ನಾಲ್ಕು ಮೋಲ್ ಇದೆ. ಈ ಲೆಕ್ಕವನ್ನು ಮಗುವಿನಿಂದಲೇ ಮಾಡಿಸಿ.

ಕಾರ್ಬನಿಕ ಸಂಯುಕ್ತಗಳ ನಾಮಕರಣಕ್ಕೆ ದಿನಾ ನಾಲ್ಕು ಹೆಸರು ಬರೆಯುವ ಅಭ್ಯಾಸ ಸಾಕು. ರಬ್ಬರ್ ಹಾಲು ಹೆಪ್ಪುಗಟ್ಟಿಸಲು ಬಳಸುವ ಫಾರ್ಮಿಕ್ ಆಸಿಡ್ಡೇ ಪುಸ್ತಕದ ಮೆಥನೋಯಿಕ್ ಆಮ್ಲ ಎಂದು ರಬ್ಬರ್ ಇರುವ ಮನೆಯವರು ತಿಳಿಸಿದರೆ ಒಂದು ಹೆಸರು ಮರೆಯದೆ ಉಳಿಯುತ್ತದೆ.

ಪರೀಕ್ಷೆ ಮತ್ತು ಅದರ ಆಚೆ

ಎಸ್‌ಎಸ್‌ಎಲ್‌ಸಿಯಲ್ಲಿ ರಸಾಯನಶಾಸ್ತ್ರದ ಲಿಖಿತ ಪರೀಕ್ಷೆ 40 ಅಂಕಗಳದು, ಅವಧಿ ಒಂದೂವರೆ ಗಂಟೆ; ಅದಕ್ಕೆ ಮೊದಲು ಪ್ರಶ್ನೆಗಳನ್ನು ಓದಿಕೊಳ್ಳಲು 15 ನಿಮಿಷದ ಕೂಲ್ ಆಫ್ ಟೈಮ್ ಇರುತ್ತದೆ. ಉಳಿದ 10 ಅಂಕ ನಿರಂತರ ಮೌಲ್ಯಮಾಪನಕ್ಕೆ. ಹಳೆಯ ಪ್ರಶ್ನೆಪತ್ರಿಕೆಯನ್ನು ಮನೆಯಲ್ಲಿ ಬಿಡಿಸುವಾಗ ಆ ಹದಿನೈದು ನಿಮಿಷವನ್ನೂ ಗಡಿಯಾರ ಇಟ್ಟೇ ಕಳೆಯಿಸಿ, ಪೆನ್ನು ನಿಮ್ಮ ಕೈಯಲ್ಲಿರಲಿ. ಪ್ರಯೋಗದ ಪ್ರಶ್ನೆಗೆ ಏನು ಕಂಡಿತು, ಏಕೆ ಹಾಗಾಯಿತು, ಸಮೀಕರಣ ಯಾವುದು ಎಂದು ಮೂರನ್ನೂ ಬರೆದಿದೆಯೇ ಎಂದಷ್ಟೇ ನೋಡಿ. ಅದನ್ನು ನೋಡಲು ರಸಾಯನಶಾಸ್ತ್ರ ಗೊತ್ತಿರಬೇಕಾಗಿಲ್ಲ.

ಹೈಯರ್ ಸೆಕೆಂಡರಿಗೆ ಹೋದ ಮೇಲೆ ಪಾಠಪುಸ್ತಕ ಇಂಗ್ಲಿಷಿನದು. ಕನ್ನಡ ಮಾಧ್ಯಮದ ಜಾಣ ಮಕ್ಕಳೂ ಪ್ಲಸ್ ವನ್ನಿನ (ಹನ್ನೊಂದನೆಯ ತರಗತಿಯ) ಮೊದಲ ತಿಂಗಳುಗಳಲ್ಲಿ ತತ್ತರಿಸುವುದನ್ನು ನಾನು ನೋಡಿದ್ದೇನೆ. ಹತ್ತರ ಪರೀಕ್ಷೆ ಮುಗಿದ ರಜೆಯಲ್ಲಿ, ಪಠ್ಯಪುಸ್ತಕ ಸಿದ್ಧಪಡಿಸುವ ರಾಜ್ಯದ ಎಸ್‌ಸಿಇಆರ್‌ಟಿ ಸಂಸ್ಥೆಯ ಜಾಲತಾಣದಿಂದ ಒಂಬತ್ತು, ಹತ್ತನೆಯ ತರಗತಿಯ ಇಂಗ್ಲಿಷ್ ಮಾಧ್ಯಮದ ಪುಸ್ತಕಗಳನ್ನು ಇಳಿಸಿಕೊಂಡು, ಕನ್ನಡ ಪುಸ್ತಕವನ್ನು ಪಕ್ಕದಲ್ಲಿಟ್ಟು ದಿನಕ್ಕೆ ಎರಡು ಪುಟದಂತೆ ಓದಿಸಿರಿ. ಎಂಟನೆಯ ತರಗತಿಯಲ್ಲಿ ಗೆರೆ ಎಳೆದ ಆ ನೋಟ್‌ಬುಕ್ಕಿನ ಮೂರನೆಯ ಅಂಕಣ ಆಗ ಉಪಯೋಗಕ್ಕೆ ಬರುತ್ತದೆ.